ಕಾಣದ ಗೆರೆ, ಕಟ್ಟಿದ 500 ರೂಪಾಯಿ

ಹೋದ ಮಂಗಳವಾರ ಬೆಳಗ್ಗೆ ಸಂತೆಗೆ ಹೊರಟಿದ್ದೆ. ಸ್ಕೂಟರಿನ ಮುಂದೆ ಖಾಲಿ ಚೀಲ, ತಲೆ ಮೇಲೆ ಹೆಲ್ಮೆಟ್. ಲೈಸೆನ್ಸ್, ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ ಎಲ್ಲ ಸೀಟಿನ ಕೆಳಗೆ ಜೋಪಾನವಾಗಿದ್ದವು. ಬಸ್ ನಿಲ್ದಾಣದ ಸರ್ಕಲ್ಲಿನಲ್ಲಿ ಕೆಂಪು ದೀಪ ಬಿತ್ತು. ನಿಲ್ಲಿಸಿದೆ. ಪೀಪಿ ಊದಿದ ಸದ್ದು ಕೇಳಿತು. ಬೇರೆ ಯಾರಿಗೋ ಇರಬೇಕು ಅಂದುಕೊಂಡೆ. ನನಗೇ ಊದಿದ್ದು.

"ಮೇಡಂ, ಸ್ವಲ್ಪ ಸೈಡಿಗೆ ತಗೊಳ್ಳಿ. ವೈಟ್ ಲೈನ್ ದಾಟಿದೀರ."

ಎಎಸ್ಐ ಐವತ್ತರ ಆಸುಪಾಸಿನವರು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಕಾಲರಿನ ಒಳಗೆ ಒದ್ದೆ ಕರವಸ್ತ್ರ ಮಡಿಸಿಟ್ಟಿದ್ದರು. ಮಾತಿನಲ್ಲಿ ಒರಟುತನ ಇರಲಿಲ್ಲ.

"ಲೈನ್ ಎಲ್ಲಿದೆ ಸರ್?" ಅಂದೆ. ವಾದ ಮಾಡೋಕೆ ಕೇಳಿದ್ದಲ್ಲ. ನನಗೆ ನಿಜವಾಗಿಯೂ ಕಂಡಿರಲಿಲ್ಲ.

ಅವರು ರಸ್ತೆ ನೋಡಿದರು. ನಾನೂ ಬಗ್ಗಿ ನೋಡಿದೆ. ಟಾರು, ಧೂಳು, ಬಸ್ಸಿನಿಂದ ಸೋರಿದ ಎಣ್ಣೆಯ ಕಲೆ. ಡಿವೈಡರ್ ಪಕ್ಕದಲ್ಲಿ ಕಡ್ಡಿಪೆಟ್ಟಿಗೆಯಷ್ಟು ಅಗಲದ ಒಂದು ಚೂರು ಬಿಳಿ ಉಳಿದಿತ್ತು. ಅದನ್ನು ಬೂಟಿನ ತುದಿಯಿಂದ ತೋರಿಸಿ, "ಇಲ್ಲಿಂದ ಆ ಕಡೆ ಕಂಬದವರೆಗೂ ಇತ್ತು ಮೇಡಂ" ಅಂದರು. ಆಮೇಲೆ ದನಿ ತಗ್ಗಿಸಿ, "ನಾವೂ ಬರೆದು ಬರೆದು ಸಾಕಾಗಿದೆ. ನಗರಸಭೆಯವರು ದುಡ್ಡಿಲ್ಲ ಅಂತಾರೆ" ಅಂದರು.

ಆ ಮಾತು ನನಗೆ ಚುರ್ ಅಂತ ನಾಟಿತು. ಯಾಕೆಂದರೆ "ದುಡ್ಡಿಲ್ಲ" ಅಂತ ಉತ್ತರ ಬರೆಯುವ ಕುರ್ಚಿಯಲ್ಲಿ ನಾನೇ ವರ್ಷಗಟ್ಟಲೆ ಕೂತಿದ್ದೆ.

31 ವರ್ಷ ನಾನು ಪೌರಾಡಳಿತದ ಲೆಕ್ಕಪತ್ರ ಶಾಖೆಯಲ್ಲಿ ಕೆಲಸ ಮಾಡಿದ್ದೇನೆ. ಮೊದಲು ಒಂದು ಪುರಸಭೆ, ಆಮೇಲೆ ಎರಡು ನಗರಸಭೆ. ಸಂಚಾರ ಠಾಣೆಯಿಂದ ವರ್ಷಕ್ಕೆ ಒಂದೆರಡು ಸಲವಾದರೂ ಪತ್ರ ಬರುತ್ತಿತ್ತು. ವೃತ್ತಗಳಲ್ಲಿ ಸ್ಟಾಪ್ ಲೈನ್, ಜೀಬ್ರಾ ಕ್ರಾಸಿಂಗ್ ಹಾಕಿಸಿಕೊಡಿ ಅಂತ. ಇಂಜಿನಿಯರು ಅಂದಾಜುಪಟ್ಟಿ ಹಾಕುತ್ತಿದ್ದರು. ಫೈಲು ನನ್ನ ಟೇಬಲ್ಲಿಗೆ ಬರುತ್ತಿತ್ತು. "ಸದರಿ ಕಾಮಗಾರಿಗೆ ಪ್ರಸಕ್ತ ಸಾಲಿನ ಆಯವ್ಯಯದಲ್ಲಿ ಅವಕಾಶ ಇರುವುದಿಲ್ಲ" ಅಂತ ಬರೆದು ರುಜು ಹಾಕುತ್ತಿದ್ದೆ. ಅದು ಸುಳ್ಳೇನಲ್ಲ. ಕುಡಿಯುವ ನೀರಿನ ಮೋಟರು, ಬೀದಿ ದೀಪದ ಕರೆಂಟ್ ಬಿಲ್ಲು, ಪೌರಕಾರ್ಮಿಕರ ಸಂಬಳ ಇವುಗಳ ಮುಂದೆ ಬಿಳಿ ಬಣ್ಣಕ್ಕೆ ಸರದಿಯೇ ಬರುತ್ತಿರಲಿಲ್ಲ.

ದಂಡ ಕಟ್ಟಿದೆ. 500 ರೂಪಾಯಿ. ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ಮುಂದಿನ ಚಕ್ರ ಜನ ದಾಟುವ ಜಾಗದಲ್ಲೇ ಇತ್ತು. ಒಬ್ಬ ಹೆಂಗಸು ಯೂನಿಫಾರ್ಮ್ ಹಾಕಿದ ಮಗುವಿನ ಕೈ ಹಿಡಿದುಕೊಂಡು ನನ್ನ ಗಾಡಿಯನ್ನು ಸುತ್ತಿ ಹೋಗಬೇಕಾಯಿತು. ಆ ಹೊತ್ತಿಗೆ ಎಡಗಡೆಯಿಂದ ಒಂದು ಆಟೋ ನುಗ್ಗಿತ್ತು. ಮಗುವನ್ನು ಅವಳು ತಟಕ್ಕನೆ ಎಳೆದುಕೊಂಡಳು. ಅದನ್ನು ನೋಡಿದ ಮೇಲೆ ದಂಡ ತಪ್ಪು ಅಂತ ನಾನು ಹೇಳಲಾರೆ. ಆದರೆ ಯಂತ್ರದಿಂದ ಬಂದ ಆ ಉದ್ದನೆ ರಸೀದಿ ಕೈಯಲ್ಲಿ ಹಿಡಿದಾಗ ನನ್ನೊಳಗಿನ ಲೆಕ್ಕದವಳು ಕೇಳಿದಳು, ಈ 500 ರೂಪಾಯಿ ಈಗ ಎಲ್ಲಿಗೆ ಹೋಗುತ್ತದೆ? ತಿರುಗಿ ಈ ಸರ್ಕಲ್ಲಿಗೆ ಬರುವ ದಾರಿ ಏನಾದರೂ ಇದೆಯಾ?

ಹೋಗುವ ದಾರಿ ಸರಳ. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ನಿನಲ್ಲಿ ಸ್ಥಳದಲ್ಲೇ ದಂಡ ಕಟ್ಟಿ ಕೇಸು ಮುಗಿಸಿಕೊಳ್ಳುವ ಅವಕಾಶ ಇದೆ. ಯಾವ ತಪ್ಪಿಗೆ ಎಷ್ಟು, ಯಾವ ದರ್ಜೆಯ ಅಧಿಕಾರಿ ವಸೂಲು ಮಾಡಬಹುದು ಅನ್ನೋದನ್ನು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ಹೇಳುತ್ತದೆ. 2019ರ ಸೆಪ್ಟೆಂಬರ್ ನೆನಪಿರಬಹುದು. ಕೇಂದ್ರದ ತಿದ್ದುಪಡಿಯಿಂದ ದಂಡ ಒಮ್ಮೆಲೇ ಏರಿತು, ಗಲಾಟೆಯಾಯಿತು. ಅದೇ ತಿಂಗಳ ಕೊನೆಯಲ್ಲಿ ನಮ್ಮ ರಾಜ್ಯ ಹೆಲ್ಮೆಟ್, ಸೀಟ್ ಬೆಲ್ಟಿನ ದಂಡವನ್ನು 1,000ದಿಂದ 500ಕ್ಕೆ ಇಳಿಸಿತು. ಅಂದರೆ ದರ ಹಿಡಿದಿರುವ ಕೈ ರಾಜ್ಯದ್ದು. ವಸೂಲಾದ ದುಡ್ಡೂ ಖಜಾನೆಗೆ ಜಮೆಯಾಗಿ ರಾಜ್ಯದ ಸಂಚಿತ ನಿಧಿ ಸೇರುತ್ತದೆ. ಸಂವಿಧಾನದ 266ನೇ ವಿಧಿ ಹೇಳುವುದೂ ಅದನ್ನೇ. ಸರ್ಕಾರಕ್ಕೆ ಬರುವ ಆದಾಯವೆಲ್ಲ ಒಂದೇ ನಿಧಿಗೆ ಹೋಗಬೇಕು, ಶಾಸನಸಭೆಯ ಒಪ್ಪಿಗೆಯಿಲ್ಲದೆ ಅಲ್ಲಿಂದ ಒಂದು ರೂಪಾಯಿ ತೆಗೆಯುವಂತಿಲ್ಲ. ಸ್ಥಳದಲ್ಲಿ ಕಟ್ಟದೆ ಕೋರ್ಟಿಗೆ ಹೋದರೂ ಅಷ್ಟೇ. ಅಲ್ಲಿ ಕಟ್ಟುವ ದಂಡ ನ್ಯಾಯಾಡಳಿತದ ಲೆಕ್ಕ ಶೀರ್ಷಿಕೆಗೆ ಬೀಳುತ್ತದೆ. ಬಾಗಿಲು ಬೇರೆ, ಮನೆ ಒಂದೇ.

ಪೊಲೀಸರಿಗೆ ಇದರಲ್ಲಿ ಪರ್ಸೆಂಟೇಜ್ ಇರುತ್ತದೆ ಅಂತ ನಮ್ಮ ಬೀದಿಯಲ್ಲಿ ಎಷ್ಟೋ ಜನ ನಂಬಿದ್ದಾರೆ. ಆ ಎಎಸ್ಐ ಸಂಬಳಕ್ಕೆ ನನ್ನ ರಸೀದಿಯಿಂದ ಒಂದು ಪೈಸೆಯೂ ಸೇರುವುದಿಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಬಿಸಿಲಲ್ಲಿ ನಿಂತವರ ಮೇಲೆ ಸುಮ್ನೆ ಆ ಮಾತು ಬೀಳಬಾರದು.

ನಗರಸಭೆಗೆ? ನನ್ನ 31 ವರ್ಷದ ನಗದು ಪುಸ್ತಕದಲ್ಲಿ "ಸಂಚಾರ ದಂಡದ ಪಾಲು" ಅನ್ನೋ ಹೆಸರಿನ ಒಂದೇ ಒಂದು ಜಮೆಯನ್ನೂ ನಾನು ಬರೆದಿಲ್ಲ. ಆಸ್ತಿ ತೆರಿಗೆ ಬರೆದಿದ್ದೇನೆ. ನೀರಿನ ಕಂದಾಯ, ಉದ್ದಿಮೆ ಪರವಾನಗಿ, ಮಳಿಗೆ ಬಾಡಿಗೆ, ಸಂತೆಯ ನೆಲಬಾಡಿಗೆ ಬರೆದಿದ್ದೇನೆ. ಕಸ ಎಸೆದವರಿಗೆ, ಪ್ಲಾಸ್ಟಿಕ್ ಮಾರಿದವರಿಗೆ ಹಾಕಿದ ದಂಡ ಬರೆದಿದ್ದೇನೆ. ಅದು ನಗರಸಭೆಯದ್ದೇ. ಅದೇ ರಸ್ತೆಯಲ್ಲಿ ಕಸ ಹಾಕಿದರೆ ದಂಡ ಊರಿಗೆ, ಗೆರೆ ದಾಟಿದರೆ ದಂಡ ರಾಜ್ಯಕ್ಕೆ.

ಇದಕ್ಕೆ ಕಾರಣ ಇದೆ. ಪೊಲೀಸ್ ರಾಜ್ಯದ ವಿಷಯ. ಊರೊಳಗಿನ ರಸ್ತೆ, ಸೇತುವೆ, ಬೀದಿ ದೀಪ, ಪಾರ್ಕಿಂಗ್ ಜಾಗ, ಬಸ್ ತಂಗುದಾಣ ಇವೆಲ್ಲ 74ನೇ ತಿದ್ದುಪಡಿಯಲ್ಲಿ ಬಂದ 12ನೇ ಅನುಸೂಚಿಯ ಪ್ರಕಾರ ನಗರ ಸ್ಥಳೀಯ ಸಂಸ್ಥೆಗಳ ಪಟ್ಟಿಯಲ್ಲಿವೆ. ಆ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ರಂದು. ರಾಜ್ಯ ವಸೂಲು ಮಾಡುವ ಹಣದಲ್ಲಿ ಏನನ್ನು ಊರುಗಳ ಜೊತೆ ಹಂಚಿಕೊಳ್ಳಬೇಕು ಅನ್ನೋದನ್ನು ರಾಜ್ಯ ಹಣಕಾಸು ಆಯೋಗ ಶಿಫಾರಸು ಮಾಡಬೇಕು ಅಂತಲೂ ಅದರಲ್ಲೇ ಇದೆ. ಅಲ್ಲಿರುವ ಪದಗಳನ್ನು ಗಮನಿಸಿ. ತೆರಿಗೆ, ಸುಂಕ, ಟೋಲ್, ಶುಲ್ಕ. ನಾಲ್ಕೇ. ದಂಡ ಅನ್ನೋ ಪದ ಅಲ್ಲಿಲ್ಲ.

ಹಾಗಂತ ದಂಡದ ದುಡ್ಡು ಊರಿಗೆ ಬರುವುದೇ ಇಲ್ಲ ಅಂದರೆ ಅದೂ ಪೂರ್ತಿ ಸರಿಯಲ್ಲ. ನಮ್ಮ ರಾಜ್ಯದಲ್ಲಿ ಸ್ಥಳೀಯ ಸಂಸ್ಥೆಗಳ ಪಾಲನ್ನು ಲೆಕ್ಕ ಹಾಕುವುದು ಸಾಲ ಬಿಟ್ಟು ಉಳಿದ ರಾಜ್ಯದ ನಿವ್ವಳ ಸ್ವಂತ ಆದಾಯದ ಮೇಲೆ. ಅದರಲ್ಲಿ ತೆರಿಗೆಯಲ್ಲದ ಆದಾಯವೂ ಸೇರುತ್ತದೆ. ಆ ಲೆಕ್ಕದಲ್ಲಿ ನನ್ನ 500 ರೂಪಾಯಿಯ ಒಂದು ಎಳೆ ಎಸ್‌ಎಫ್‌ಸಿ, ಅಂದರೆ ರಾಜ್ಯ ಹಣಕಾಸು ಆಯೋಗದ, ಅನುದಾನದ ಜೊತೆ ಯಾವುದೋ ಊರಿನ ನಗರಸಭೆಗೆ ಹೋಗಿಯೇ ಇರುತ್ತದೆ. ಆದರೆ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಇದು ಸಂಚಾರ ದಂಡದಿಂದ ಬಂದದ್ದು, ಇದನ್ನು ಸರ್ಕಲ್ಲಿಗೇ ಹಾಕಿ ಅಂತ ಯಾರೂ ಹೇಳುವ ಹಾಗಿಲ್ಲ. ಅನುದಾನ ಬಂದ ದಿನವೇ ಸಂಬಳ, ಕರೆಂಟ್ ಬಿಲ್ಲು ಅದನ್ನು ಎಳೆದುಕೊಂಡು ಹೋಗುತ್ತಿದ್ದುದನ್ನು ನನ್ನ ಕೈಯಾರೆ ಬರೆದಿದ್ದೇನೆ.

ಬಿಳಿ ಗೆರೆಯ ಬಗ್ಗೆ ಸ್ವಲ್ಪ ಹೇಳಬೇಕು. ಬಹಳ ಜನ ಅದನ್ನು ಬ್ರಶ್ಶಿನಲ್ಲಿ ಬಳಿಯುವ ಬಣ್ಣ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ, ಒಂದು ರಾತ್ರಿ ನಿಂತು ನೋಡುವವರೆಗೆ. ಎರಡನೇ ನಗರಸಭೆಯಲ್ಲಿದ್ದಾಗ ಒಂದು ವರ್ಷ ಹೇಗೋ ಹಣ ಹೊಂದಿಸಿ ಮೂರು ಸರ್ಕಲ್ಲಿಗೆ ಗೆರೆ ಹಾಕಿಸಿದ್ದೆವು. ಬಿಲ್ಲು ಪಾಸು ಮಾಡುವ ಮೊದಲು ಅಳತೆ ಸರಿಯಾಗಿದೆಯಾ ಅಂತ ನೋಡೋಣ ಅಂತ ಇಂಜಿನಿಯರ್ ಜೊತೆ ನಾನೂ ಹೋದೆ. ವಾಹನ ಕಡಿಮೆಯಾಗಲಿ ಅಂತ ರಾತ್ರಿ 11ರ ಮೇಲೆ ಕೆಲಸ ಶುರು. ಒಂದು ಸಣ್ಣ ಲಾರಿಯ ಮೇಲೆ ಹಂಡೆ. ಕೆಳಗೆ ಗ್ಯಾಸಿನ ಉರಿ. ಚೀಲದಲ್ಲಿದ್ದ ಬಿಳಿ ಪುಡಿಯನ್ನು ಅದಕ್ಕೆ ಸುರಿದು ಕಾಯಿಸುತ್ತಾರೆ. ಅದು ಕರಗಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕುದಿಯುತ್ತದೆ. ಹತ್ತಿರ ಹೋದರೆ ಮುಖಕ್ಕೆ ಝಳ ಹೊಡೆಯುತ್ತದೆ, ಗಂಟಲಿಗೆ ಘಾಟು.

ಒಬ್ಬ ಹುಡುಗ ರಸ್ತೆ ಗುಡಿಸಿದ. ಇನ್ನೊಬ್ಬ ಸುಣ್ಣದ ದಾರ ಎಳೆದು ಗುರುತು ಹಾಕಿದ. ಮೂರನೆಯವನು ಕೈಗಾಡಿ ತಳ್ಳುತ್ತಾ ಹೋದ ಹಾಗೆ ಅದರ ಬಾಯಿಂದ ಬಿಳಿ ಪಟ್ಟಿ ಬೀಳುತ್ತಾ ಹೋಯಿತು. ಹಿಂದೆಯೇ ಒಬ್ಬಳು ಹೆಂಗಸು ಡಬ್ಬಿಯಿಂದ ಏನೋ ಚಿಮುಕಿಸುತ್ತಾ ಬಂದಳು, ರಂಗೋಲಿಗೆ ಪುಡಿ ಉದುರಿಸಿದ ಹಾಗೆ. "ಏನಮ್ಮ ಅದು?" ಅಂದೆ. ಅಂಗೈಗೆ ಸ್ವಲ್ಪ ಹಾಕಿದಳು. ಗಾಜಿನ ಮಣಿ. ಸಾಸಿವೆಗಿಂತಲೂ ಸಣ್ಣ. ಬಿಸಿ ಇರುವಾಗಲೇ ಉದುರಿಸಿದರೆ ಗೆರೆಗೆ ಅಂಟಿಕೊಳ್ಳುತ್ತದೆ, ರಾತ್ರಿ ಹೆಡ್‌ಲೈಟ್ ಬಿದ್ದಾಗ ಅದೇ ಹೊಳೆಯುವುದು. ಅಷ್ಟರಲ್ಲಿ ದೂರದಿಂದ ಒಂದು ಬೈಕು ಬಂತು. ಬೆಳಕು ಬಿದ್ದ ಕೂಡಲೇ ಇಡೀ ಪಟ್ಟಿ ದೀಪ ಹಚ್ಚಿದ ಹಾಗೆ ಎದ್ದು ಕಂಡಿತು. ಯಾರೂ ಕೈ ಅಡ್ಡ ಹಿಡಿಯಲಿಲ್ಲ, ಪೀಪಿ ಊದಲಿಲ್ಲ. ಬೈಕಿನವನು ತಾನಾಗಿಯೇ ಗೆರೆಯ ಹಿಂದೆ ನಿಂತ. ಮಧ್ಯರಾತ್ರಿ, ಖಾಲಿ ರಸ್ತೆ, ನಿಂತ.

ಅದು ನನ್ನ ಕೆಲಸದ ಅವಧಿಯ ಒಳ್ಳೆಯ ನೆನಪುಗಳಲ್ಲಿ ಒಂದು. ಆ ಗೆರೆಯೂ ಚಕ್ರಕ್ಕೆ ಸಿಕ್ಕಿ ಸವೆಯಿತು. ಮತ್ತೆ ಹಾಕಿಸಲು ನಮ್ಮ ಕೈಲಿ ಆಗಲಿಲ್ಲ.

ಬೆಂಗಳೂರಿನ ಕಥೆ ಬೇರೆ. ಅಲ್ಲಿ ಬಿ-ಟ್ರ್ಯಾಕ್ ಅನ್ನೋ ಯೋಜನೆಯಲ್ಲಿ ಸಿಗ್ನಲ್, ಫಲಕ, ಗೆರೆಗಳಿಗೆ ಸಂಚಾರ ಪೊಲೀಸರ ಮೂಲಕವೇ ರಾಜ್ಯದ ಹಣ ಬಂದಿದೆ. ಸಾಕು ಅಂತ ಹೇಳುತ್ತಿಲ್ಲ, ಒಂದು ದಾರಿಯಾದರೂ ಇದೆ. ದಂಡದ ಮೊತ್ತ ಎಷ್ಟು ದೊಡ್ಡದು ಅಂತ ನನಗೆ ಅರ್ಥವಾದದ್ದೂ ಬೆಂಗಳೂರಿನಿಂದಲೇ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟರಲ್ಲ, 11ನೇ ತಾರೀಖಿನವರೆಗೆ, ಆಗ ನನ್ನ ತಮ್ಮ ಅಲ್ಲಿ ಸಾಲಿನಲ್ಲಿ ನಿಂತು ಕಟ್ಟಿದ. "ಅಕ್ಕ, ಇಲ್ಲಿ ಜಾತ್ರೆ ಥರ ಜನ" ಅಂತ ಫೋನ್ ಮಾಡಿದ. ಹತ್ತು ದಿನವೂ ಆಗಿರಲಿಲ್ಲ, 120 ಕೋಟಿಗೂ ಜಾಸ್ತಿ ಸೇರಿತು ಅಂತ ಪತ್ರಿಕೆಗಳಲ್ಲಿ ಬಂತು. ಆಮೇಲೂ ಅಂಥ ರಿಯಾಯಿತಿ ಮತ್ತೆ ಮತ್ತೆ ಬಂದಿದೆ, 2025ರಲ್ಲೂ ಬಂತು. ಆ 120 ಕೋಟಿಯ ಸುದ್ದಿ ಓದಿದ ದಿನ ನಾನು ಪತ್ರಿಕೆ ಮಡಿಸಿಟ್ಟು ಬಹಳ ಹೊತ್ತು ಸುಮ್ಮನೆ ಕೂತೆ. ನಮ್ಮಂಥ ಊರುಗಳ ಎಷ್ಟು ಸರ್ಕಲ್ಲಿಗೆ, ಎಷ್ಟು ವರ್ಷ ಗೆರೆ ಹಾಕಬಹುದಾಗಿತ್ತು ಅಂತ ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು.

ದಂಡದ ಒಂದು ಭಾಗ ರಸ್ತೆಗೇ ಹೋಗಬೇಕು ಅನ್ನೋದು ನಾನು ಹೊಸದಾಗಿ ಹೇಳುತ್ತಿರುವ ಮಾತಲ್ಲ. ಕೊಯಮತ್ತೂರಿನಲ್ಲಿ ಡಾ. ಎಸ್. ರಾಜಶೇಖರನ್ ಅನ್ನೋ ಮೂಳೆ ವೈದ್ಯರಿದ್ದಾರೆ. ಅಪಘಾತದಲ್ಲಿ ಮುರಿದ ಮೂಳೆಗಳನ್ನು ಜೋಡಿಸುವುದೇ ಅವರ ಕಸುಬು. ಅವರು 2012ರಲ್ಲಿ ರಸ್ತೆ ಸುರಕ್ಷತೆಗಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ನವೆಂಬರ್ 30ರಂದು ಕೋರ್ಟು ರಾಜ್ಯಗಳಿಗೆ ಹಲವು ನಿರ್ದೇಶನ ಕೊಟ್ಟಿತು. ಪ್ರತಿ ರಾಜ್ಯದಲ್ಲೂ ರಸ್ತೆ ಸುರಕ್ಷತಾ ನಿಧಿ ಇರಬೇಕು, ಸಂಚಾರ ದಂಡದ ಒಂದು ಭಾಗ ಅದಕ್ಕೆ ಜಮೆಯಾಗಬೇಕು, ಅದನ್ನು ರಸ್ತೆ ಸುರಕ್ಷತೆಗೇ ಖರ್ಚು ಮಾಡಬೇಕು. ಜಿಲ್ಲೆಗೊಂದು ರಸ್ತೆ ಸುರಕ್ಷತಾ ಸಮಿತಿಯೂ ಇರಬೇಕು. ಪಕ್ಕದ ಕೇರಳ ಇದಕ್ಕೂ ಹತ್ತು ವರ್ಷ ಮೊದಲೇ, 2007ರಲ್ಲೇ, ಇಂಥದ್ದೊಂದು ಕಾನೂನು ಮಾಡಿಕೊಂಡಿತ್ತು. ಹಿಂದಿನ ವರ್ಷ ವಸೂಲಾದ ಸ್ಥಳದಂಡದ ಅರ್ಧ ಆ ನಿಧಿಗೆ ಸೇರಬೇಕು ಅಂತ. ನಮ್ಮಲ್ಲೂ 2017ರಲ್ಲಿ ರಸ್ತೆ ಸುರಕ್ಷತಾ ಪ್ರಾಧಿಕಾರದ ಕಾಯ್ದೆ ಬಂದು ನಿಧಿ ಹುಟ್ಟಿದೆ.

ಒಳ್ಳೆಯದೇ. ಆದರೆ ಈ ನಿಧಿಗಳೂ ರಾಜಧಾನಿಯಲ್ಲೇ ಇರುತ್ತವೆ. ತಾಲ್ಲೂಕು ಕೇಂದ್ರದ ಒಂದು ಸರ್ಕಲ್ಲಿನ ಗೆರೆ ಸವೆದದ್ದು ಅಷ್ಟು ದೂರಕ್ಕೆ ಹೇಗೆ ಕಾಣಬೇಕು? ಹೆದ್ದಾರಿಯ ಬ್ಲ್ಯಾಕ್ ಸ್ಪಾಟ್, ಅಂದರೆ ಪದೇ ಪದೇ ಅಪಘಾತವಾಗುವ ಜಾಗ, ಕಾಣುತ್ತದೆ, ಯಾಕೆಂದರೆ ಅಲ್ಲಿ ಸಾವಿನ ಲೆಕ್ಕ ಇರುತ್ತದೆ. ಆ ಹೆಂಗಸು ಮಗುವನ್ನು ಎಳೆದುಕೊಂಡು ಉಳಿಸಿಕೊಂಡದ್ದು ಯಾವ ಲೆಕ್ಕದಲ್ಲೂ ಬರುವುದಿಲ್ಲ.

2019ರ ತಿದ್ದುಪಡಿಯಲ್ಲಿ ನನಗೆ ಹಿಡಿಸಿದ ಒಂದು ಸೆಕ್ಷನ್ ಇದೆ, 198ಎ. ರಸ್ತೆ ಕಟ್ಟಿದವರು, ನೋಡಿಕೊಳ್ಳಬೇಕಾದವರು ಸುರಕ್ಷತೆಯ ಮಾನದಂಡ ಪಾಲಿಸದೆ, ಅದರಿಂದ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ, ಆ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಆ ದಂಡ ಸಂಚಿತ ನಿಧಿಯಲ್ಲಿ ಕರಗಿಹೋಗುವುದಿಲ್ಲ. ಅಪಘಾತಕ್ಕೆ ಸಿಕ್ಕವರಿಗಾಗಿ ಇರುವ ಮೋಟಾರು ವಾಹನ ಅಪಘಾತ ನಿಧಿಗೆ ಹೋಗಬೇಕು ಅಂತ ಅದೇ ಸೆಕ್ಷನ್ ಹೇಳುತ್ತದೆ. ಅಂದರೆ ಒಂದು ದಂಡಕ್ಕೆ ಒಂದು ವಿಳಾಸ ಬರೆದಿಡಲು ಬರುತ್ತದೆ. ನನ್ನ 500 ರೂಪಾಯಿಗೂ ಯಾಕೆ ಬರೆಯಬಾರದು?

ಲೆಕ್ಕ ಇಡುವುದು ಕಷ್ಟ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನೀವು ಆಸ್ತಿ ತೆರಿಗೆ ಕಟ್ಟಿದ ಚಲನ್ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಅಂತ ಬೇರೆ ಬೇರೆ ಸಾಲು ಇರುತ್ತದೆ. ಅದನ್ನು ನಗರಸಭೆ ನಿಮ್ಮಿಂದ ವಸೂಲು ಮಾಡಿ ಒಂದನ್ನು ಗ್ರಂಥಾಲಯಕ್ಕೂ ಇನ್ನೊಂದನ್ನು ನಿರಾಶ್ರಿತರ ಪರಿಹಾರಕ್ಕೂ ಕಳಿಸಬೇಕು. ಎಷ್ಟು ವರ್ಷ ನಾನು ಆ ಸಾಲುಗಳನ್ನು ಕೂಡಿಸಿ, ಚೆಕ್ ಬರೆದು, ತಾಳೆ ನೋಡಿದ್ದೇನೆ! ಮನೆ ಮಾರಾಟದ ನೋಂದಣಿಯಲ್ಲಿ ರಾಜ್ಯ ವಸೂಲು ಮಾಡುವ ಮುದ್ರಾಂಕ ಶುಲ್ಕದ ಅಧಿಭಾರವೂ (ಸರ್‌ಚಾರ್ಜ್) ಊರಿಗೆ ಬರುವ ಪದ್ಧತಿ ಇದೆ. ಊರಿನಿಂದ ಮೇಲಕ್ಕೆ, ಮೇಲಿಂದ ಊರಿಗೆ ಪಾಲು ಹೋಗುವ ಕಾಲುವೆಗಳು ಆಗಲೇ ತೋಡಿ ಆಗಿವೆ. ಈಗಂತೂ ಪ್ರತಿ ಕೇಸೂ ಯಂತ್ರದಲ್ಲಿ ಜಾಗದ ಸಮೇತ ದಾಖಲಾಗುತ್ತದೆ. ನನ್ನ ರಸೀದಿಯಲ್ಲೂ ಸರ್ಕಲ್ಲಿನ ಹೆಸರು ಅಚ್ಚಾಗಿದೆ.

ಹಾಗಾದರೆ ದಂಡದ ಅರ್ಧ ನಗರಸಭೆಗೆ ಕೊಟ್ಟುಬಿಡಿ ಅಂತ ನಾನು ಕೇಳುತ್ತಿದ್ದೇನಾ? ಇಲ್ಲ. ಇದನ್ನು ನಾನು ಬಹಳ ಯೋಚಿಸಿಯೇ ಹೇಳುತ್ತಿದ್ದೇನೆ.

ನನ್ನ ನಾದಿನಿಯ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಒಂದೇ ವರ್ಷ ಎರಡು ದಂಡ ಬಿತ್ತು ಅವಳಿಗೆ. ತಪ್ಪು ಜಾಗದಲ್ಲಿ ಕಾರು ನಿಲ್ಲಿಸಿದ್ದಕ್ಕೆ ಒಂದು, ವೇಗಕ್ಕೆ ಇನ್ನೊಂದು. "ಅತ್ತೆ, ಇಲ್ಲಿ ಪಾರ್ಕಿಂಗ್ ದಂಡ ಊರಿನ ಕೌನ್ಸಿಲ್‌ಗೆ, ಸ್ಪೀಡ್ ದಂಡ ದೇಶದ ಖಜಾನೆಗೆ" ಅಂದಳು. ಆಮೇಲೆ ನಾನೇ ಕೂತು ಓದಿದೆ. ಅಲ್ಲಿ 1984ರ ಕಾಯ್ದೆಯೊಂದರ 55ನೇ ಸೆಕ್ಷನ್ ಇದೆ. ಪಾರ್ಕಿಂಗ್ ಲೆಕ್ಕದಲ್ಲಿ ಖರ್ಚು ಕಳೆದು ಉಳಿದ ಹಣವನ್ನು ಕೌನ್ಸಿಲ್ ಮನಸ್ಸಿಗೆ ಬಂದ ಕಡೆ ಹಾಕುವಂತಿಲ್ಲ. ಪಾರ್ಕಿಂಗ್, ಸಾರ್ವಜನಿಕ ಸಾರಿಗೆ, ರಸ್ತೆ ಸುಧಾರಣೆ ಹೀಗೆ ಕಾನೂನು ಹೇಳಿದ ಕೆಲಸಗಳಿಗೇ ಹಾಕಬೇಕು. ವೇಗದ ಕ್ಯಾಮೆರಾ ವಿಷಯದಲ್ಲಿ ಅವರು ಇನ್ನೊಂದು ಪ್ರಯೋಗ ಮಾಡಿದ್ದರು. 2000ದಿಂದ 2007ರವರೆಗೆ, ಪೊಲೀಸರು, ಕೌನ್ಸಿಲ್‌ಗಳು ಸೇರಿ ಮಾಡಿಕೊಂಡ ತಂಡಗಳು ಕ್ಯಾಮೆರಾದ ಖರ್ಚನ್ನು ದಂಡದ ಹಣದಿಂದಲೇ ಮುರಿದುಕೊಳ್ಳಬಹುದಿತ್ತು. ಕ್ಯಾಮೆರಾ ಇಡುವುದೇ ದುಡ್ಡಿಗೆ ಅಂತ ಜನರಲ್ಲಿ ಅನುಮಾನ ಬೆಳೆಯಿತು. ಕೊನೆಗೆ ಆ ಕೊಂಡಿಯನ್ನು ಕತ್ತರಿಸಿ, ದಂಡ ಎಷ್ಟಾದರೂ ಇರಲಿ ಅಂತ ರಸ್ತೆ ಸುರಕ್ಷತೆಗೆ ಬೇರೆಯೇ ಅನುದಾನ ಕೊಡುವ ಪದ್ಧತಿ ತಂದರು.

ಅದನ್ನು ಓದಿದಾಗ ನನ್ನ ಕುರ್ಚಿ ನೆನಪಾಯಿತು. ದಂಡದ ಪಾಲು ನೇರವಾಗಿ ನಮ್ಮ ಖಾತೆಗೆ ಬರುವಂತಿದ್ದರೆ ಏನಾಗುತ್ತಿತ್ತು? ಮಾರ್ಚ್ ತಿಂಗಳಲ್ಲಿ ಸಂಬಳಕ್ಕೆ ಕೊರತೆಯಾದಾಗ, ಸಂಚಾರ ಠಾಣೆಗೆ ಫೋನ್ ಮಾಡಿ "ಈ ತಿಂಗಳು ಸ್ವಲ್ಪ ಜಾಸ್ತಿ ಕೇಸು ಹಾಕಿಸಿ ಸಾರ್" ಅಂತ ಯಾರೋ ಒಬ್ಬರು ಕೇಳುವ ದಿನ ಬರುತ್ತಿತ್ತು. ಕೆಟ್ಟವರು ಅಂತಲ್ಲ. ಖಾಲಿ ಖಾತೆ ಒಳ್ಳೆಯವರಿಂದಲೂ ಅಂಥ ಫೋನ್ ಮಾಡಿಸುತ್ತದೆ. ಇನ್ನೂ ಒಂದು ಭಯ ಇದೆ. ಗೆರೆ ಸವೆದಷ್ಟೂ ದಾಟುವವರು ಜಾಸ್ತಿ, ದಾಟಿದಷ್ಟೂ ದಂಡ ಜಾಸ್ತಿ. ಗೆರೆ ಹಾಕಬೇಕಾದವರಿಗೇ ಆ ದುಡ್ಡು ಲಾಭವಾಗಿ ಬಂದರೆ ಗೆರೆ ಹಾಕುವ ಆತುರ ಯಾರಿಗಿರುತ್ತದೆ? ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗುತ್ತದೆ.

ಅದಕ್ಕೇ ನಾನು ಕೇಳುವುದು ಇಷ್ಟು. ವಸೂಲಾದ ಹಣ ಈಗ ಹೋಗುವ ಹಾಗೆ ರಾಜ್ಯಕ್ಕೇ ಹೋಗಲಿ. ಒಂದು ಭಾಗವನ್ನು ರಸ್ತೆ ಸುರಕ್ಷತಾ ನಿಧಿಯಿಂದ ಜಿಲ್ಲೆಗಳಿಗೆ ಕಟ್ಟುನಿಟ್ಟಾಗಿ ಕೊಡಲಿ. ಆದರೆ ಯಾವ ಊರು ಎಷ್ಟು ದಂಡ ಕಟ್ಟಿತು ಅಂತ ನೋಡಿ ಹಂಚಬೇಡಿ. ಜನಸಂಖ್ಯೆ, ಅಪಘಾತ, ಸರ್ಕಲ್ಲುಗಳ ಸಂಖ್ಯೆ ನೋಡಿ ಹಂಚಿ. ದುಡ್ಡು ಊರಿಗೆ ಬರುವಾಗ ಗೆರೆ, ಫಲಕ, ಸಿಗ್ನಲ್, ಫುಟ್‌ಪಾತ್ ಅಂತ ಹೆಸರು ಬರೆದುಕೊಂಡೇ ಬರಲಿ. ಸಂಬಳಕ್ಕೆ, ಕರೆಂಟಿಗೆ ಮುಟ್ಟಲು ಆಗದ ಹಾಗೆ ಪ್ರತ್ಯೇಕ ಖಾತೆಯಲ್ಲಿರಲಿ. ಯಾವ ಸರ್ಕಲ್ಲಿಗೆ ಮೊದಲು ಅನ್ನೋದನ್ನು ಜಿಲ್ಲಾಧಿಕಾರಿಗಳ ರಸ್ತೆ ಸುರಕ್ಷತಾ ಸಮಿತಿಯಲ್ಲಿ ಠಾಣೆಯವರು, ನಗರಸಭೆಯವರು, ಲೋಕೋಪಯೋಗಿಯವರು ಒಟ್ಟಿಗೆ ಕೂತು ತೀರ್ಮಾನಿಸಲಿ. ಲೋಕೋಪಯೋಗಿಯವರು ಯಾಕೆ ಅಂದರೆ ನಮ್ಮಂಥ ಎಷ್ಟೋ ಊರಿನ ಮುಖ್ಯ ರಸ್ತೆ ರಾಜ್ಯ ಹೆದ್ದಾರಿ. "ಇದು ನಮ್ಮ ರಸ್ತೆಯಲ್ಲ" ಅನ್ನೋ ಒಂದು ಸಾಲಿನ ಉತ್ತರವನ್ನು ನಾನು ಕಡತಗಳಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಮತ್ತು ಒಂದು ಫಲಕ ಬೇಕು. ನಗರಸಭೆ ಬಾಗಿಲಲ್ಲಿ ನೀರು ಬಿಡುವ ದಿನ ಬರೆಯುತ್ತಾರಲ್ಲ, ಅದರ ಪಕ್ಕ. ಈ ಊರಿನ ಎಲ್ಲೆಯಲ್ಲಿ ಕಳೆದ ವರ್ಷ ಇಷ್ಟು ಕೇಸು, ಇಷ್ಟು ದಂಡ, ರಸ್ತೆ ಸುರಕ್ಷತೆಗೆ ವಾಪಸ್ ಬಂದದ್ದು ಇಷ್ಟು. ಮೂರು ಸಾಲು.

ಆ ಮೂರು ಸಾಲು ಯಾರೂ ಬರೆದಿಲ್ಲವಾದ್ದರಿಂದ ನಾನೇ ಕೇಳಲು ಹೊರಟಿದ್ದೇನೆ. ನಮ್ಮ ರಾಜ್ಯದಲ್ಲಿ ಮಾಹಿತಿ ಹಕ್ಕಿನ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ನಿನ್ನೆ ರಾತ್ರಿ ಊಟದ ಮೇಜಿನ ಮೇಲೆ ಬರೆದು, ಹೊಡೆದು, ಮತ್ತೆ ಬರೆದೆ. ನಮ್ಮನೆಯವರು ಬೆರಳು ಮಡಿಸಿ ಪದ ಎಣಿಸಿಕೊಟ್ಟರು. 96ಕ್ಕೆ ಮುಗಿಯಿತು. ಸರ್ಕಲ್ಲಿನ ಹೆಸರು, ರಸೀದಿಯ ತಾರೀಖು, ಮೂರು ಪ್ರಶ್ನೆ. ಎರಡು ಪ್ರತಿ ಮಾಡಿದ್ದೇನೆ, ಒಂದು ಪೊಲೀಸ್ ಇಲಾಖೆಗೆ, ಇನ್ನೊಂದು ನಾನೇ ಕೆಲಸ ಮಾಡುತ್ತಿದ್ದ ನಗರಸಭೆಗೆ. ನನ್ನ ಕುರ್ಚಿಯಲ್ಲಿ ಈಗ ಕೂತಿರುವ ಹುಡುಗಿಗೆ ಕೆಲಸ ಕಲಿಸಿದ್ದು ನಾನೇ. ಉತ್ತರ ಅವಳೇ ಬರೆಯಬೇಕಾಗುತ್ತದೆ. ಅವಳಿಗೆ ಮೊದಲೇ ಫೋನ್ ಮಾಡಿ ಹೇಳಿದೆ. "ಕೇಳಿ ಮೇಡಂ, ಕೇಳಲೇಬೇಕು" ಅಂದಳು.

ಇವತ್ತು ಬೆಳಗ್ಗೆ ಅಂಚೆ ಕಚೇರಿಗೆ ಹೋಗಿ 10 ರೂಪಾಯಿಯ ಎರಡು ಪೋಸ್ಟಲ್ ಆರ್ಡರ್ ತಂದೆ. ಬರುವಾಗ ಅದೇ ಸರ್ಕಲ್ಲಿನಲ್ಲಿ ಕೆಂಪು ದೀಪ ಬಿತ್ತು. ಡಿವೈಡರ್ ಪಕ್ಕದ ಆ ಬಿಳಿ ಚೂರು ಹುಡುಕಿ, ಅಲ್ಲಿಂದ ಕಂಬದವರೆಗೆ ಮನಸ್ಸಿನಲ್ಲೇ ಗೆರೆ ಎಳೆದು, ಅದಕ್ಕಿಂತ ಒಂದು ಗೇಣು ಹಿಂದೆ ನಿಲ್ಲಿಸಿದೆ. ಬಲಗಡೆ ಬಂದ ಆಟೋದವನು ನನ್ನ ಮುಂದಿನ ಚಕ್ರ ನೋಡಿ, ಗಾಡಿಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿ, ಅದರ ಸಾಲಿಗೆ ನಿಲ್ಲಿಸಿಕೊಂಡ. ಅವನ ಪಕ್ಕ ಒಂದು ಬೈಕು. ಮುಂದೆ ಶಾಲೆಯ ಮಕ್ಕಳು ದಾಟಿದರು.